ಸ್ವಿಫ್ಟ್ ಎಲ್‌ಎಕ್ಸ್‌ಐಗೆ ಮುಂದಿನ ಫಾಗ್ ಲ್ಯಾಂಪ್: ವೈರ್, ಫ್ಯೂಸ್ ಎಷ್ಟರದ್ದು ಹಾಕಬೇಕು?

ಕಲಬುರಗಿ_32

ನಮಸ್ಕಾರ. ಗಾಡಿ 2014ರ ಸ್ವಿಫ್ಟ್ ಎಲ್‌ಎಕ್ಸ್‌ಐ, ಪೆಟ್ರೋಲ್. ಬಂಪರಿನಲ್ಲಿ ಫಾಗ್ ಲ್ಯಾಂಪಿನ ಜಾಗಕ್ಕೆ ಬರೀ ಪ್ಲಾಸ್ಟಿಕ್ ಮುಚ್ಚಳ ಇದೆ. ಚಳಿಗಾಲದಲ್ಲಿ ಹುಮನಾಬಾದ್ ಮೇಲೆ ಬೀದರಿಗೆ ಬೆಳಗಿನ ಜಾವ ಓಡಾಟ ಇರುತ್ತದೆ. ಮಂಜು, ಧೂಳು, ಅದರೊಳಗೆ ಹಿಂದಿನ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಲಿಗಳು.

ಕಿಟ್ ತಂದಿಟ್ಟಿದ್ದೇನೆ: 55 ವ್ಯಾಟಿನ ಎಚ್11 ಹ್ಯಾಲೋಜನ್ ಲ್ಯಾಂಪ್ ಎರಡು, ಬೆಜೆಲ್ (ಲ್ಯಾಂಪಿನ ಸುತ್ತಲಿನ ಚೌಕಟ್ಟು), ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), ಸ್ವಿಚ್, ವೈರಿಂಗ್. ವೈರ್ ತೀರ ತೆಳುವಾಗಿ ಕಾಣುತ್ತಿದೆ. ಅದನ್ನೇ ಹಾಕಬಹುದೇ? ಸ್ವಿಚ್‌ಗೆ ಕರೆಂಟ್ ಎಲ್ಲಿಂದ ತೆಗೆಯಬೇಕು? ಬಂಪರ್ ಪೂರ್ತಿ ಬಿಚ್ಚಲೇಬೇಕೇ? ಹ್ಯಾಲೋಜನ್ ಬಿಟ್ಟು ಬಿಳಿ ಎಲ್‌ಇಡಿ ಬಲ್ಬ್ ಹಾಕು ಅಂತ ಅಂಗಡಿಯವರು ಹೇಳುತ್ತಿದ್ದಾರೆ, ಅದು ಸರಿಯೇ?

ರಿಲೇ_ರಾಯರು

ಲ್ಯಾಂಪ್, ಬೆಜೆಲ್ ಇಟ್ಕೊಳ್ರಿ, ವೈರಿಂಗ್ ತೆಗೆದು ಬಾಜೂಕ ಇಡ್ರಿ. 55 ವ್ಯಾಟಿನವು ಎರಡು ಅಂದ್ರ 110 ವ್ಯಾಟ್, 12 ವೋಲ್ಟಿಗೆ ಭಾಗಿಸಿದ್ರ 9 ಆಂಪಿಯರ್ ಮ್ಯಾಲೆ ಚೂರು. ಅಗ್ಗದ ಕಿಟ್‌ನಾಗ ಬರೋ ಅರ್ಧ ಎಂಎಂ (ಚದರ ಎಂಎಂ ಲೆಕ್ಕ) ವೈರಿನಾಗ ಇಷ್ಟು ಕರೆಂಟ್ ಹರಿದ್ರ ಎರಡು ಮೀಟರಿಗೇ ಅರ್ಧ ವೋಲ್ಟ್ ಮ್ಯಾಲೆ ಬೀಳ್ತದ, ವೈರ್ ಬಿಸಿ ಆಗೋದು ಬ್ಯಾರೆ. ಹ್ಯಾಲೋಜನ್ ಬಲ್ಬಿಗೆ ಒಂದು ವೋಲ್ಟ್ ಕಡಿಮೆ ಸಿಕ್ಕರ ಬೆಳಕಿನಾಗ ಸುಮಾರು ಕಾಲು ಭಾಗ ಹೋಗ್ತದ. ಭಾಳ ಮಂದಿ ‘ಲ್ಯಾಂಪ್ ಡಿಮ್ ಅದ’ ಅಂತ ನೂರು ವ್ಯಾಟಿನ ಬಲ್ಬ್ ಹಾಕ್ತಾರ. ದೋಷ ಬಲ್ಬಿಂದಲ್ಲ, ವೈರಿಂದು. ನೂರು ವ್ಯಾಟ್ ಹಾಕಿದ್ರ ರಿಫ್ಲೆಕ್ಟರ್ ಮಂಕಾಗ್ತದ, ಪ್ಲಾಸ್ಟಿಕ್ ಲೆನ್ಸ್ ಇದ್ರ ಕರಗೇ ಹೋಗ್ತದ.

ತರೋ ಸಾಮಾನು: ಅಡೀಚ ಎಂಎಂ (2.5) ಮಲ್ಟಿಸ್ಟ್ರ್ಯಾಂಡ್ ಕಾಪರ್ ಆಟೋ ವೈರ್ ಮೂರು ಮೀಟರ್, ದೀಡ ಎಂಎಂ (1.5) ಐದು ಮೀಟರ್, ಸ್ವಿಚ್ ಲೈನಿಗೆ 0.75 ಎಂಎಂ ನಾಲ್ಕು ಮೀಟರ್. 12 ವೋಲ್ಟ್ 30 ಆಂಪಿಯರಿನ ನಾಲ್ಕು ಪಿನ್ ರಿಲೇ, ಅದರ ಸಾಕೆಟ್, ಮುಚ್ಚಳ ಇರೋ ಬ್ಲೇಡ್ ಫ್ಯೂಸ್ ಹೋಲ್ಡರ್, 15 ಆಂಪಿಯರ್ ಫ್ಯೂಸ್ ಎರಡು (ಒಂದು ಸ್ಪೇರ್). ಮನಿ ವೈರಿಂಗಿನ ವೈರ್ ಬ್ಯಾಡ್ರಿ, ಎಂಜಿನ್ ಬಿಸಿಗೆ ಅದರ ಪಿವಿಸಿ ತಾಳಂಗಿಲ್ಲ.

ರಿಲೇದ 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್‌ನಿಂದ ಅಡೀಚ ವೈರ್, ಫ್ಯೂಸ್ ಮೂಲಕ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಯಾಕಂದ್ರ ಫ್ಯೂಸ್ ಕಾಪಾಡೋದು ತನ್ನ ಮುಂದಿನ ವೈರ್ ಅಷ್ಟ. ಅದಕ್ಕಿಂತ ಹಿಂದಿನ ತುಂಡು ಬಾಡಿಗೆ ತಿಕ್ಕಿ ಶಾರ್ಟ್ ಆದ್ರ ತಡೆಯವರು ಯಾರೂ ಇಲ್ಲ, ಬೆಂಕಿನೇ. 87ರಿಂದ ದೀಡ ಎಂಎಂ ಎರಡು ವೈರ್, ಲ್ಯಾಂಪಿಗೊಂದು. 85, ಹಂಗೇ ಎರಡೂ ಲ್ಯಾಂಪಿನ ಮೈನಸ್ ವೈರ್, ಬಾಡಿ ಅರ್ಥಿಗೆ (ಬ್ಯಾಟರಿ ಮೈನಸ್‌ಗೆ ಸೇರಿರೋ ಗಾಡಿ ತಗಡಿಗೆ). 86ಕ್ಕೆ ಸ್ವಿಚ್‌ನಿಂದ ಬರೋ ವೈರ್. ರಿಲೇದೊಳಗ ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡೋ ಭಾಗ) ಇದ್ರ 86ಕ್ಕೇ ಪ್ಲಸ್ ಬರಬೇಕು, ಉಲ್ಟಾ ಕೊಟ್ರ ಡಯೋಡ್ ಶಾರ್ಟ್ ಆಗಿ ಪಾರ್ಕಿಂಗ್ ಲೈಟಿನ ಫ್ಯೂಸ್ ಹಾರ್ತದ.

ಪಾರ್ಕಿಂಗ್ ಯಾಕಂದ್ರ ಸ್ವಿಚ್‌ಗೆ ಕರೆಂಟ್ ಅಲ್ಲಿಂದ್ಲೇ ತೆಗೀಬೇಕು. ರಿಲೇ ಕಾಯಿಲ್ ಎಳೆಯೋದು ಕಾಲು ಆಂಪಿಯರಿಗೂ ಕಡಿಮಿ, ಆ ಲೈನಿಗೆ ಭಾರ ಆಗಂಗಿಲ್ಲ. ಪಾರ್ಕಿಂಗ್ ಲೈಟ್ ಆರಿಸಿದ್ರ ಫಾಗ್ ತಾನಾಗೇ ಆರ್ತದ, ರಾತ್ರಿ ಮರೆತು ಬ್ಯಾಟರಿ ಖಾಲಿ ಆಗೋ ಭಯ ಇಲ್ಲ. ವೈರ್ ಕಚ್ಚಿ ಹಿಡಿಯೋ ನೀಲಿ ಕ್ಲಿಪ್ ಬರ್ತಾವಲ್ಲ, ಅವು ಬ್ಯಾಡ. ಒಂದು ಮಳಿಗಾಲ ಕಳೆದ್ರ ಒಳಗ ಹಸುರುಗಟ್ತದ. ಬೆಸುಗೆ ಹಾಕಿ, ಒಳಗ ಅಂಟು ಇರೋ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗೋ ಕೊಳವಿ) ಏರಿಸ್ರಿ.

ಸ್ವಿಚ್ ವೈರನ್ನ ಕ್ಯಾಬಿನಿಗೆ ತರಾಕ ಹೊಸ ತೂತು ಕೊರಿಬ್ಯಾಡ್ರಿ. ಫೈರ್‌ವಾಲಿನಾಗ (ಎಂಜಿನ್, ಕ್ಯಾಬಿನ್ ನಡುವಿನ ತಗಡಿನ ಗೋಡಿ) ಮೇನ್ ವೈರಿಂಗ್ ಹೋಗೋ ರಬ್ಬರ್ ಗ್ರೊಮೆಟ್ (ತೂತಿನ ರಬ್ಬರ್ ಬಳೆ) ಅದ. ಸೈಕಲ್ ಸ್ಪೋಕಿಗೆ ವೈರ್ ಟೇಪ್ ಸುತ್ತಿ ಅದರ ಅಂಚಿನಾಗ ತೂರಿಸ್ರಿ, ಆಮ್ಯಾಲೆ ಸಿಲಿಕೋನ್ ಹಚ್ರಿ. ಸ್ಪೋಕಿನ ತುದಿ ಮೊದಲ ಗುಂಡಗ ಉಜ್ಜಿರಬೇಕು, ಇಲ್ಲಾಂದ್ರ ಕಂಪನಿ ವೈರಿಗೇ ಚುಚ್ತದ.

ಬೀದರ್_38

ವೈರಿಂಗ್ ಬಗ್ಗೆ ರಾಯರು ಹೇಳಿದ್ದು ಸಾಕು. ಬಂಪರ್ ಪೂರ್ತಿ ಬಿಚ್ಚುವುದು ಬೇಡ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಮುಂದಿನ ಕಪ್ಪು ಲೈನರ್‌ನ ಸ್ಕ್ರೂ, ಕ್ಲಿಪ್ ತೆಗೆದು ಹಿಂದಕ್ಕೆ ಮಡಚಿದರೆ ಕೈ ಲ್ಯಾಂಪಿನ ಬೆನ್ನಿಗೆ ತಲುಪುತ್ತದೆ. ಹೊಸ ಕ್ಲಿಪ್ ಐದಾರು ತಂದಿಟ್ಟುಕೊಳ್ಳಿ. ನಮ್ಮ ಬಿಸಿಲಿಗೆ ಹಳೆಯವು ಒಣಗಿ, ಎಳೆದ ತಕ್ಷಣ ತಲೆ ಮುರಿಯುತ್ತವೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಕಳಚಿಡಿ. ಏರ್‌ಬ್ಯಾಗ್ ಇರುವ ಗಾಡಿಯವರು ಓದುತ್ತಿದ್ದರೆ, ಹಳದಿ ಕನೆಕ್ಟರ್ ಯಾವುದನ್ನೂ ಮುಟ್ಟಬೇಡಿ.

ಬಲ್ಬಿನ ಗಾಜಿಗೆ ಬೆರಳು ತಾಗಬಾರದು. ಬೆರಳಿನ ಜಿಡ್ಡು ಇದ್ದಲ್ಲಿ ಗಾಜು ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಕನೆಕ್ಟರ್ ಕೆಳಮುಖವಾಗಿರಲಿ, ವೈರ್ ಒಂದಿಷ್ಟು ಜೋತು ಬಿದ್ದು ಮೇಲೇರಲಿ. ಆಗ ನೀರು ವೈರ್ ಹಿಡಿದು ಕನೆಕ್ಟರ್ ಒಳಗೆ ಇಳಿಯುವುದಿಲ್ಲ. ಲ್ಯಾಂಪಿನ ಹಿಂದಿರುವ ಗಾಳಿ ಕಿಂಡಿಯನ್ನು ಸಿಲಿಕೋನಿನಿಂದ ಮುಚ್ಚುವವರೂ ಇದ್ದಾರೆ. ಮುಚ್ಚಿದರೆ ಒಳಗಿನ ಹಬೆ ಹೊರಹೋಗದೆ ಲೆನ್ಸ್ ಬೆವರುತ್ತದೆ.

ಇನ್ನು ಅಲೈನ್‌ಮೆಂಟ್, ಅಂದರೆ ಲ್ಯಾಂಪಿನ ಬೆಳಕು ಎಲ್ಲಿಗೆ ಬೀಳಬೇಕು ಅಂತ ಹೊಂದಿಸುವುದು. ಅರ್ಧಕ್ಕರ್ಧ ಜನ ಇದನ್ನು ಮಾಡುವುದೇ ಇಲ್ಲ. ಟೈರಿಗೆ ಸರಿಯಾಗಿ ಗಾಳಿ ಹಾಕಿ, ಸಮತಟ್ಟು ನೆಲದಲ್ಲಿ ಗೋಡೆಗೆ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ನೆಲದಿಂದ ಲ್ಯಾಂಪಿನ ನಡುಮಧ್ಯಕ್ಕೆ ಎಷ್ಟು ಎತ್ತರ ಅಂತ ಅಳೆದು, ಗೋಡೆಯ ಮೇಲೆ ಅದಕ್ಕಿಂತ 10 ಸೆಂ.ಮೀ. ಕೆಳಗೆ ಟೇಪ್ ಅಂಟಿಸಿ. ಬೆಳಕಿನ ಮೇಲಂಚು ಆ ಟೇಪಿಗೆ ಕೂರುವವರೆಗೆ ಲ್ಯಾಂಪಿನ ಸ್ಕ್ರೂ ತಿರುಗಿಸಿ. ಲ್ಯಾಂಪ್ 40 ಸೆಂ.ಮೀ. ಎತ್ತರದಲ್ಲಿದ್ದರೆ ಈ ಇಳಿಜಾರಿನಲ್ಲಿ ಮೇಲಂಚು 20 ಮೀಟರಿಗೆ ನೆಲ ಮುಟ್ಟುತ್ತದೆ. ಫಾಗ್ ಲ್ಯಾಂಪಿನಿಂದ ಬಯಸಬೇಕಾದ್ದು ಅಷ್ಟೇ: ರಸ್ತೆಯ ಅಂಚು, ಬಿಳಿ ಪಟ್ಟಿ, ಹತ್ತಿರದ ಗುಂಡಿ. ದೂರದ ಟ್ರ್ಯಾಲಿ ಕಾಣಲಿ ಅಂತ ಮೇಲೆತ್ತಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಟ್ರ್ಯಾಲಿಗೆ ಉಪಾಯ ವೇಗ ಇಳಿಸುವುದು, ಲ್ಯಾಂಪ್ ಅಲ್ಲ.

ಶಹಾಪುರ_33

ಎಲ್‌ಇಡಿ ಬಗ್ಗೆ ಯಾರೂ ಹೇಳಲಿಲ್ಲ. ಎಚ್11 ರಿಫ್ಲೆಕ್ಟರ್ ಮಾಡಿರುವುದು ಸಣ್ಣ ಸುರುಳಿ ಫಿಲಮೆಂಟ್ ಒಂದೇ ಜಾಗದಲ್ಲಿ ಇರುತ್ತದೆ ಎಂಬ ಲೆಕ್ಕದಲ್ಲಿ. ಎಲ್‌ಇಡಿ ಬಲ್ಬಿನ ಚಿಪ್‌ಗಳು ಎರಡು ಬದಿಗೆ ಇರುತ್ತವೆ, ನಡುವೆ ದಪ್ಪ ಪಟ್ಟಿ. ಹೀಗಾಗಿ ಮೇಲಂಚು ಚೆದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಅಲೈನ್‌ಮೆಂಟ್ ಎಷ್ಟು ಮಾಡಿದರೂ ಅದು ಸರಿಹೋಗದು. ಎಲ್‌ಇಡಿಯೇ ಬೇಕಿದ್ದರೆ ಬಲ್ಬ್ ಬದಲಿಸಬೇಡಿ, ಎಲ್‌ಇಡಿಗೆಂದೇ ಮಾಡಿದ ಪೂರ್ತಿ ಲ್ಯಾಂಪ್ ತನ್ನಿ. ಬಣ್ಣ ಬಿಳಿ ಅಥವಾ ಹಳದಿ ಮಾತ್ರ. ಎತ್ತರ ನೆಲದಿಂದ 25 ಸೆಂ.ಮೀ.ಗಿಂತ ಕೆಳಗೆ ಬೇಡ, ಹೆಡ್‌ಲೈಟಿಗಿಂತ ಮೇಲೂ ಬೇಡ.

ಕಲಬುರಗಿ_32

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೇ ಜೋಡಿಸಿದೆ. ರಿಲೇ ಟಿಕ್ ಅನ್ನುತ್ತದೆ, ಬಲಗಡೆ ಚೆನ್ನಾಗಿ ಉರಿಯುತ್ತಿದೆ, ಎಡಗಡೆಯದು ಮಂದ. ಬಲ್ಬ್ ಅದಲು ಬದಲು ಮಾಡಿದರೂ ಎಡಗಡೆಯೇ ಮಂದ.

ರಿಲೇ_ರಾಯರು

ಹಂಗಾದ್ರ ಬಲ್ಬ್ ಪಾಸ್, ಎಡಗಡಿ ಅರ್ಥ್ ಫೇಲ್ ಇರಬೇಕು. ಲ್ಯಾಂಪ್ ಹಚ್ಚಿಟ್ಟು, ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಡ ಲ್ಯಾಂಪಿನ ಅರ್ಥ್ ಪಿನ್ನಿಗೆ ಹಿಡೀರಿ. 0.2ರೊಳಗ ಇದ್ರ ಅರ್ಥ್ ಚಲೋ ಅದ. ಅರ್ಧ, ಒಂದು ವೋಲ್ಟ್ ತೋರಿಸಿದ್ರ ಬೋಲ್ಟಿನ ಕೆಳಗ ಪೇಂಟ್ ಉಳಿದದ. ಬೋಲ್ಟ್ ತೆಗೆದು, ತಗಡು ಹೊಳೆಯೋ ತನಕ ಎಮರಿ ಪೇಪರಿನಿಂದ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡ್ರಿ. ಮ್ಯಾಲೆ ಗ್ರೀಸ್ ಹಚ್ರಿ, ತುಕ್ಕು ಹಿಡಿಯಂಗಿಲ್ಲ. ಅರ್ಥ್ ಸರಿ ಇದ್ದೂ ಮಂದ ಇದ್ರ ಅದೇ ರೀತಿ 87ನೇ ಪಿನ್ನಿಂದ ಲ್ಯಾಂಪಿನ ಪ್ಲಸ್ ಪಿನ್ನಿಗೆ ಅಳೀರಿ. ಅಲ್ಲಿ ವೋಲ್ಟ್ ಬಿದ್ರ ಎಡ ವೈರಿನ ಕ್ರಿಂಪ್ (ಒತ್ತಿ ಕೂರಿಸಿದ ಜೋಡಣಿ) ಸಡಿಲ.

ಕಲಬುರಗಿ_32

ಅರ್ಥ್‌ನಲ್ಲಿ 1.4 ತೋರಿಸಿತು. ಬೋಲ್ಟಿನ ಕೆಳಗೆ ಪೇಂಟ್ ಹಾಗೇ ಇತ್ತು. ತಿಕ್ಕಿ ಬಿಗಿದ ಮೇಲೆ 0.1, ಎರಡೂ ಒಂದೇ ಸಮ ಉರಿಯುತ್ತಿವೆ.