ಅಕ್ಕನ ದೇವಸ್ಥಾನಗಳಿಗೆ ಯಾವ ಕ್ಯಾಮೆರಾ?

ಅಕ್ಕ, ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ಬರುವ ತಿಂಗಳಿಂದ ಹಾಸನದ ಕಡೆಯ ಹೊಯ್ಸಳ ದೇವಸ್ಥಾನಗಳನ್ನು ಒಂದೊಂದಾಗಿ ನೋಡಿ ಫೋಟೊ ತೆಗೆದಿಡಬೇಕು, ಅದಕ್ಕೆ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಕೊಳ್ಳಲಾ ಇಲ್ಲ ಲೆನ್ಸ್ ಬದಲಾಯಿಸುವ ಮಿರರ್‌ಲೆಸ್ ಕೊಳ್ಳಲಾ ಅಂತ ಕೇಳಿದ್ದೀಯ. ನಮ್ಮ ಪುಟ್ಟನು ಕ್ಯಾನನ್ ಆರ್50 ಅನ್ನುವ ಮಿರರ್‌ಲೆಸ್ಸೇ ಸರಿ, ಅದರ ಸೆನ್ಸರ್ (ಒಳಗೆ ಬೆಳಕು ಹಿಡಿಯುವ ಚಿಪ್) ದೊಡ್ಡದು ಅಂದಿದ್ದಾನೆ. ಭಾವ ಫೋನೇ ಸಾಕಲ್ಲ ಅಂದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದು. ಇದು ಒಳ್ಳೆ ಕೆಲಸ, ಅದಕ್ಕೆ ತಕ್ಕ ಕ್ಯಾಮೆರಾ ಸಿಗಲಿ ಅಂತ ಪೂರ್ತಿ ಹೇಳುತ್ತಿದ್ದೇನೆ.

ನಿನಗೆ ಜೇಬಿನದೇ ಸರಿ ಅಂತ ನನ್ನ ಅಭಿಪ್ರಾಯ. ಆದರೆ ಅಂಗಡಿಯಲ್ಲಿ ಚಿಕ್ಕ ಕ್ಯಾಮೆರಾ ಅಂತ ಕೇಳಿದರೆ ಎರಡು ಬೇರೆ ಬೇರೆ ಜಾತಿಯವನ್ನು ತೋರಿಸುತ್ತಾರೆ. ಅಗ್ಗದವುಗಳಲ್ಲಿ ಇರುವ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಷ್ಟೇ. ಅದನ್ನು ಕೊಳ್ಳಲೇಬೇಡ. ಅದಕ್ಕಿಂತ ಈಗಿನ ಒಳ್ಳೆ ಫೋನೇ ಮೇಲು, ಭಾವನ ಮಾತು ಅಲ್ಲಿ ನಿಜ. ನಾನು ಹೇಳುತ್ತಿರುವುದು ಒಂದಿಂಚು ಸೆನ್ಸರ್ ಅಂತ ಕರೆಯುವ ಜಾತಿ. ಹೆಸರಿಗೆ ಒಂದಿಂಚು, ನಿಜವಾದ ಅಳತೆ 13.2 × 8.8 ಮಿ.ಮೀ. ಆದರೂ ಅಗ್ಗದವಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಸೋನಿಯ ಆರ್‌ಎಕ್ಸ್100 ಸಾಲು, ಕ್ಯಾನನ್‌ನ ಜಿ7ಎಕ್ಸ್ ಸಾಲು ಇವೆಲ್ಲ ಇದೇ ಜಾತಿ.

ಈಗ ಪುಟ್ಟನ ಮಾತಿಗೆ ಬರುತ್ತೇನೆ. ಅವನು ಹೇಳಿದ ಕ್ಯಾನನ್ ಆರ್50ರ ಸೆನ್ಸರ್ 22.3 × 14.9 ಮಿ.ಮೀ. ಒಂದಿಂಚಿನದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಇದರಲ್ಲಿ ಅವನು ತಪ್ಪಿಲ್ಲ. ಆದರೆ ಸೆನ್ಸರ್ ಹಂಡೆ ಇದ್ದ ಹಾಗೆ. ಹಂಡೆ ಎಷ್ಟೇ ದೊಡ್ಡದಿರಲಿ, ನಲ್ಲಿಯಲ್ಲಿ ಸಣ್ಣಗೆ ಬಂದರೆ ತುಂಬುವುದಿಲ್ಲ. ಇಲ್ಲಿ ನಲ್ಲಿ ಅಂದರೆ ಲೆನ್ಸ್. ಆರ್50ರ ಜೊತೆ ಡಬ್ಬಿಯಲ್ಲೇ ಬರುವ 18-45 ಮಿ.ಮೀ. ಜೂಮ್ ಲೆನ್ಸ್ ಅತಿ ಹೆಚ್ಚು ತೆರೆದುಕೊಳ್ಳುವುದು ಎಫ್ 4.5ಕ್ಕೆ. ಜೂಮ್ ಮಾಡಿದರೆ ಎಫ್ 6.3. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಬರುತ್ತದೆ. ಕ್ಯಾನನ್ ಜಿ7ಎಕ್ಸ್ ಮಾರ್ಕ್ 3ರ ಲೆನ್ಸ್ ಎಫ್ 1.8ಕ್ಕೆ ತೆರೆಯುತ್ತದೆ. ಎಫ್ 4.5ಕ್ಕೆ ಹೋಲಿಸಿದರೆ ಅದು ಆರು ಪಟ್ಟು ಬೆಳಕು. ಸೆನ್ಸರ್ ಚಿಕ್ಕದು ಅನ್ನುವುದನ್ನು ಕಳೆದರೂ ಕತ್ತಲ ನವರಂಗದಲ್ಲಿ ಅದು ಆರ್50ಕ್ಕಿಂತ ಸುಮಾರು ಎರಡು ಪಟ್ಟು ಬೆಳಕು ಹಿಡಿಯುತ್ತದೆ.

ಆದ್ದರಿಂದ ನಾನು ಯಾರು ಕೇಳಿದರೂ ಮೊದಲು ಕೇಳುವುದು ಒಂದೇ. ಎರಡನೇ ಲೆನ್ಸ್ ಕೊಳ್ಳುತ್ತೀರಾ? ಅದನ್ನು ಬ್ಯಾಗಿನಲ್ಲಿ ಹೊತ್ತು ಹೋಗಿ, ಅಲ್ಲೇ ನಿಂತು ಬದಲಾಯಿಸುತ್ತೀರಾ? ಹೌದು ಅಂದರೆ ಮಿರರ್‌ಲೆಸ್. ಎಫ್ 1.8ರ 50 ಮಿ.ಮೀ. ಲೆನ್ಸ್ ಹಾಕಿದ ಮೇಲೆ ಯಾವ ಜೇಬಿನ ಕ್ಯಾಮೆರಾವೂ ಅದರ ಹತ್ತಿರ ಬರುವುದಿಲ್ಲ. ಡಬ್ಬಿಯ ಲೆನ್ಸಿನಲ್ಲೇ ಉಳಿಯುವುದಾದರೆ ಸುಮ್ನೆ ಯಾಕೆ ಭಾರ ಹೊರುವುದು?

ನಿನ್ನ ವಿಷಯದಲ್ಲಿ ಇನ್ನೂ ಒಂದಿದೆ. ನೀನು ತೆಗೆಯುವುದು ಕಲ್ಲನ್ನು. ಕಲ್ಲು ಅಲ್ಲಾಡುವುದಿಲ್ಲ. ಓಡಾಡುವ ಮಗುವನ್ನು ಕತ್ತಲಲ್ಲಿ ಹಿಡಿಯಬೇಕಾದರೆ ಶಟರ್ ಬೇಗ ಮುಚ್ಚಬೇಕು, ಆಗ ತುಂಬಾ ಬೆಳಕು ಬೇಕು. ಶಿಲ್ಪಕ್ಕೆ ಆ ಅವಸರವಿಲ್ಲ. ಕೈ ನಡುಕ ತಡೆಯುವ ವ್ಯವಸ್ಥೆ ಲೆನ್ಸಿನೊಳಗೇ ಇರುತ್ತದೆ. ಕಂಬಕ್ಕೆ ಒರಗಿ, ಉಸಿರು ಹಿಡಿದು ಒತ್ತಿದರೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ನಿಧಾನದ ಶಟರ್‌ನಲ್ಲೂ ಫೋಟೊ ಚೂಪಾಗಿ ಬರುತ್ತದೆ. ಟ್ರೈಪಾಡ್ ನಂಬಿಕೊಂಡು ಹೋಗಬೇಡ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು.

ಇನ್ನೊಂದು ಲಾಭ ಯಾರೂ ಹೇಳುವುದಿಲ್ಲ. ದೊಡ್ಡ ಸೆನ್ಸರ್‌ನಲ್ಲಿ ಹಿಂದಿನದು ಮಸುಕಾಗಿ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ಮುಖದ ಫೋಟೊಗೆ ಅದು ಸರಿ. ಶಿಲ್ಪಕ್ಕೆ ಹಾಗಲ್ಲ. ಮೂಗು ಚೂಪಾಗಿ ಬಂದು ಕಿವಿಯ ಓಲೆ, ಹಿಂದಿನ ಬಳ್ಳಿ ಮಸುಕಾದರೆ ಏನು ಪ್ರಯೋಜನ? ಅದೇ ಎಫ್ ಸಂಖ್ಯೆಗೆ ಒಂದಿಂಚು ಸೆನ್ಸರ್‌ನಲ್ಲಿ ವಿಗ್ರಹದ ಹೆಚ್ಚು ಭಾಗ ಫೋಕಸ್‌ನಲ್ಲಿ ಇರುತ್ತದೆ. ಬಳಪದ ಕಲ್ಲಿನಲ್ಲಿ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಿಟ್ಟಿದ್ದಾರಲ್ಲ, ಅದೆಲ್ಲ ಬರಬೇಕು ತಾನೇ? ಫೋನಿನಲ್ಲಿ ಸೋಲುವುದು ಇಲ್ಲೇ, ಭಾವ. ಬೆಳಕು ಕಡಿಮೆ ಇದ್ದಾಗ ಫೋನು ಚುಕ್ಕಿ ಚುಕ್ಕಿ ಕಾಣದಿರಲಿ ಅಂತ ಚಿತ್ರವನ್ನು ನುಣ್ಣಗೆ ಸವರಿಬಿಡುತ್ತದೆ. ಉಳಿಯ ಗುರುತೂ ಅದರ ಜೊತೆ ಹೋಗುತ್ತದೆ.

ಈಗ ಮದನಿಕೆಯರ ವಿಷಯ. ಬೇಲೂರಿನ ಗುಡಿ 1117ರದ್ದು. ಅಲ್ಲಿರುವ 42 ಮದನಿಕೆಯರಲ್ಲಿ 38 ಹೊರಗಡೆ, ಸೂರಿನ ಅಡಿಯಲ್ಲಿ, ನಮ್ಮ ತಲೆಯಿಂದ ಎಷ್ಟೋ ಮೇಲೆ. ಬೇಕಾದಷ್ಟು ಹತ್ತಿರ ಹೋಗಲು ಆಗುವುದಿಲ್ಲ. ತೀರಾ ಕೆಳಗೆ ನಿಂತರೆ ಪಾದ ಮಾತ್ರ ದೊಡ್ಡದಾಗಿ ಕಾಣುತ್ತದೆ. ದೂರ ನಿಂತು ಜೂಮ್ ಮಾಡಬೇಕು. ಬೇರೆ ಬೇರೆ ಕ್ಯಾಮೆರಾಗಳ ಜೂಮ್ ಹೋಲಿಸಲು ಫುಲ್ ಫ್ರೇಮ್ ಲೆಕ್ಕ ಅಂತ ಒಂದಿದೆ, ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಆ ಲೆಕ್ಕದಲ್ಲಿ ಆರ್50ರ ಡಬ್ಬಿ ಲೆನ್ಸ್ 72ಕ್ಕೇ ನಿಲ್ಲುತ್ತದೆ. ಜಿ7ಎಕ್ಸ್ 100ರ ತನಕ ಹೋಗುತ್ತದೆ. ಸೋನಿ ಆರ್‌ಎಕ್ಸ್100ರಲ್ಲಿ ಮಾರ್ಕ್ 6, ಮಾರ್ಕ್ 7 ಎರಡೂ 200ರ ತನಕ ಹೋಗುತ್ತವೆ. ದರ್ಪಣ ಸುಂದರಿಯ ಮುಖ ಮತ್ತು ಕನ್ನಡಿ ಎರಡೇ ಫ್ರೇಮಿನಲ್ಲಿ ತುಂಬಬೇಕೆಂದರೆ 200 ಇರಲೇಬೇಕು. ಆರ್50ರಲ್ಲಿ ಅದು ಬೇಕಾದರೆ 55-210 ಲೆನ್ಸ್ ಬೇರೆ ಕೊಳ್ಳಬೇಕು. ಕ್ಯಾಮೆರಾ 375 ಗ್ರಾಂ, ಡಬ್ಬಿ ಲೆನ್ಸ್ 130, ಇದು 270, ಸೇರಿ ಮುಕ್ಕಾಲು ಕೆ.ಜಿ. ಮೀರುತ್ತದೆ. ಆರ್‌ಎಕ್ಸ್100 ಮಾರ್ಕ್ 7 ಬ್ಯಾಟರಿ ಸೇರಿ 302 ಗ್ರಾಂ. ನಿನ್ನ ಮೊಣಕಾಲಿನ ವಿಷಯ ನನಗೆ ಗೊತ್ತು. ಚಪ್ಪಲಿ ಬಿಟ್ಟು ಕಾದ ಚಪ್ಪಡಿಯ ಮೇಲೆ ನಿಂತು ಲೆನ್ಸ್ ಕಳಚಿ ಜೋಡಿಸುವುದು ನಿನಗೆ ಬೇಡ.

ಜೂಮ್ ಜಾಸ್ತಿ ಇರುವ ಸೋನಿಯಲ್ಲಿ ಲೆನ್ಸ್ ಎಫ್ 2.8ಕ್ಕೆ ತೆರೆಯುತ್ತದೆ, 1.8ಕ್ಕಲ್ಲ. ಹಾಗಾಗಿ ಕತ್ತಲಲ್ಲಿ ಅದು ಜಿ7ಎಕ್ಸ್‌ಗಿಂತ ಹಿಂದೆ, ಡಬ್ಬಿ ಲೆನ್ಸಿನ ಆರ್50ಕ್ಕೆ ಹೆಚ್ಚುಕಮ್ಮಿ ಸಮ. ಒಳಗೆ ಜಿ7ಎಕ್ಸ್, ಹೊರಗೆ ಸೋನಿ ಗೆಲ್ಲುತ್ತದೆ ಅಂತ ಇಟ್ಟುಕೊ. ಹೊಯ್ಸಳರ ಶಿಲ್ಪ ಜಾಸ್ತಿ ಇರುವುದು ಹೊರಗೋಡೆಯಲ್ಲೇ ಅಲ್ವಾ? ಹಳೇಬೀಡು, ಸೋಮನಾಥಪುರ, ನುಗ್ಗೇಹಳ್ಳಿ, ಜಾವಗಲ್, ಎಲ್ಲಾ ಕಡೆ ಹಾಗೇ. ಅದಕ್ಕೇ ನಾನು ಸೋನಿ ಕಡೆ.

ಸೋನಿಯ ಪರವಾಗಿ ಇನ್ನೂ ದೊಡ್ಡ ಕಾರಣ ಒಂದಿದೆ. ನಿನ್ನ ಚಾಳೀಸು. ಬಿಸಿಲಲ್ಲಿ ಹಿಂದಿನ ಸ್ಕ್ರೀನ್ ಸರಿಯಾಗಿ ಕಾಣುವುದಿಲ್ಲ, ಹತ್ತಿರದ್ದು ನೋಡಲು ನೀನು ಕನ್ನಡಕ ಹಾಕಬೇಕು, ದೂರದ ವಿಗ್ರಹ ನೋಡಲು ತೆಗೆಯಬೇಕು. ಇದರಲ್ಲೇ ಅರ್ಧ ದಿನ ಹೋಗುತ್ತದೆ. ಈ ಸೋನಿಗಳಲ್ಲಿ ಕಣ್ಣಿಗೆ ಹಿಡಿದು ನೋಡುವ ಚಿಕ್ಕ ವ್ಯೂಫೈಂಡರ್ ಮೂಲೆಯಿಂದ ಮೇಲೆದ್ದು ಬರುತ್ತದೆ. ಅದನ್ನು ನಿನ್ನ ಕಣ್ಣಿನ ಪವರ್‌ಗೆ ಹೊಂದಿಸಿಕೊಳ್ಳಬಹುದು. ಆಮೇಲೆ ಕನ್ನಡಕವಿಲ್ಲದೆ ಎಲ್ಲವೂ ಸ್ಪಷ್ಟ. ಜಿ7ಎಕ್ಸ್‌ನಲ್ಲಿ ವ್ಯೂಫೈಂಡರ್ ಇಲ್ಲ. ಮಿರರ್‌ಲೆಸ್‌ನಲ್ಲೂ ನಿಕಾನ್ ಝಡ್30, ಸೋನಿ ಝಡ್‌ವಿ-ಇ10ರಲ್ಲಿ ಇಲ್ಲ. ಆರ್50ರಲ್ಲಿ ಇದೆ. ಅರವತ್ತು ದಾಟಿದವರು ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ಲಿಗಿಂತ ಮೊದಲು ಇದನ್ನು ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಕಷ್ಟಗಳನ್ನೂ ಹೇಳಬೇಕು. ಒಂದು, ಬೆಲೆ. ಹೊಸ ಮಾರ್ಕ್ 7, ಡಬ್ಬಿ ಲೆನ್ಸ್ ಸೇರಿದ ಆರ್50ಕ್ಕಿಂತ ದುಬಾರಿ. ಚಿಕ್ಕದು ಅಂದರೆ ಅಗ್ಗ ಅಲ್ಲ. 2018ರ ಮಾರ್ಕ್ 6ರಲ್ಲೂ ಅದೇ 24-200 ಲೆನ್ಸ್ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಎರಡು, ಧೂಳು. ಆನ್ ಮಾಡಿದಾಗಲೆಲ್ಲ ಲೆನ್ಸ್ ಹೊರಬಂದು ಒಳಹೋಗುತ್ತದೆ, ಜೊತೆಗೆ ಧೂಳನ್ನೂ ಎಳೆದುಕೊಳ್ಳಬಹುದು. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದು ಗಾಳಿ ಊದಿ ಸರಿಮಾಡಬಹುದು. ಇದನ್ನು ಸರ್ವಿಸ್‌ಗೇ ಕೊಡಬೇಕು. ಬರೀ ಜೇಬಿಗೆ ಹಾಕಬೇಡ, ಬಟ್ಟೆಯ ಚೀಲದಲ್ಲಿಡು. ಹಳೆಯದನ್ನು ಕೊಳ್ಳುವಾಗ ಎಫ್ 11ಕ್ಕೆ ಇಟ್ಟು ಬರೀ ಆಕಾಶದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಬೇಕು. ಕಪ್ಪು ಚುಕ್ಕಿ ಕಂಡರೆ ಬೇಡ. ಮೂರು, ಬ್ಯಾಟರಿ. ಒಂದು ಚಾರ್ಜಿಗೆ 250 ಫೋಟೊ ಆಸುಪಾಸು. ಒಂದು ದೇವಸ್ಥಾನಕ್ಕೇ ಅದು ಮುಗಿಯುತ್ತದೆ. ಹೆಚ್ಚಿನದು ಒಂದನ್ನು ಕ್ಯಾಮೆರಾ ಜೊತೆಗೇ ತೆಗೆದುಕೊ.

ತೆಗೆಯುವಾಗ ಒಂದು ಮಾತು ನೆನಪಿಡು. ಮದನಿಕೆಯ ಹಿಂದೆ ಬಿಳಿ ಆಕಾಶ ಇದ್ದರೆ ಕ್ಯಾಮೆರಾ ಆಕಾಶ ನೋಡಿ ಲೆಕ್ಕ ಹಾಕಿ ಶಿಲ್ಪವನ್ನು ಕಪ್ಪು ಮಾಡುತ್ತದೆ. ಪ್ಲಸ್-ಮೈನಸ್ ಅಂತ ಒಂದು ಗುರುತು ಇರುತ್ತದೆ, ಅದನ್ನು ಪ್ಲಸ್ 1ಕ್ಕೆ ಏರಿಸು. ಆಕಾಶ ಬೆಳ್ಳಗಾದರೆ ಆಗಲಿ. ಬೆಳಗ್ಗೆ ಇಲ್ಲ ಸಂಜೆ ಹೋಗು, ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಸೂರಿನ ನೆರಳು ಮುಖದ ಮೇಲೇ ಬೀಳುತ್ತದೆ.

ಪುಟ್ಟಿ, ನೀನು ಕೆಳಗೆ ನಂಗೂ ಅದೇ ಕೊಡ್ಸಿ ಅಂತ ಹಾಕಿದ್ದೀಯಲ್ಲ, ನಿನಗೆ ಅದು ಬೇಡ. ನೀನು ತೆಗೆಯುವುದು ಮನೆಯೊಳಗೆ ಓಡುವ ಮಗುವನ್ನು. ನಿನಗೆ ಮಿರರ್‌ಲೆಸ್ ಬೇಕು, ಅದೂ ಎರಡನೇ ಲೆನ್ಸ್ ಸೇರಿಸಿಯೇ. ನಿಕಾನ್ ಝಡ್50, ಜೊತೆಗೆ 24 ಎಫ್ 1.7 ಲೆನ್ಸ್ ಸರಿಹೋಗುತ್ತದೆ. 50ರದ್ದು ಫ್ಲಾಟಿನ ಹಾಲಿನಲ್ಲಿ ತೀರಾ ಹತ್ತಿರ ಆಗುತ್ತದೆ, ಹಿಂದೆ ಸರಿಯಲು ಜಾಗ ಇರುವುದಿಲ್ಲ.

ಅಕ್ಕ, ಶನಿವಾರ ಬಿಡುವಿದ್ದರೆ ಅಂಗಡಿಗೆ ಹೋಗೋಣ, ನಾನು ಬರುತ್ತೇನೆ. ಪುಟ್ಟನೂ ಬರಲಿ, ಆರ್50 ಮತ್ತು ಸೋನಿ ಎರಡನ್ನೂ ನಿನ್ನ ಕೈಗೆ ಕೊಡಿಸೋಣ. ಚಾಳೀಸು ತೆಗೆದು ಎರಡರ ವ್ಯೂಫೈಂಡರ್‌ನಲ್ಲೂ ನೋಡು. ಅಂಗಡಿಯ ಕತ್ತಲ ಮೂಲೆಯದೊಂದು ಫೋಟೊ ಎರಡರಲ್ಲೂ ತೆಗೆಯೋಣ, ಮೆಮೊರಿ ಕಾರ್ಡ್ ನಾನು ತರುತ್ತೇನೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದ ಮೇಲೇ ದುಡ್ಡು ಕೊಡು.