ಸಣ್ಣ ಪ್ರಾಣಿ ಆಶ್ರಯಕ್ಕೆ ನಿಜಕ್ಕೂ ಉಪಯೋಗವಾಗುವ ನೆರವು ಯಾವುದು?

ಪ್ರಶ್ನೆ:
ನಾವು ಆರು ಜನ ಸೇರಿ ಒಂದು ಸಣ್ಣ ಆಶ್ರಯಕ್ಕೆ ಕೈಜೋಡಿಸಬೇಕೆಂದಿದ್ದೇವೆ. ಅಲ್ಲಿ ಸುಮಾರು 25 ನಾಯಿ, 10 ಬೆಕ್ಕು ಇವೆ. ನೋಡಿಕೊಳ್ಳುವವರು ಇಬ್ಬರೇ. ಆಹಾರ ಕೊಡುವುದಾ, ಹಳೆ ಹೊದಿಕೆ ಕೊಡುವುದಾ, ಹೋಗಿ ಗೂಡು ತೊಳೆದು ಬರುವುದಾ? ನಾಯಿಮರಿಗಳಿಗೆ ಪದೇ ಪದೇ ಭೇದಿ ಆಗುತ್ತಿದೆ. ನಮ್ಮಿಂದಲೇ ರೋಗ ಹರಡಬಾರದು ಅನ್ನುವ ಭಯವೂ ಇದೆ.

ಉತ್ತರ 1:
ತೊಳೆಯುವ ಕೆಲಸವನ್ನೇ ಹಿಡಿಯಿರಿ, ಇಬ್ಬರಿಗೆ ಅದು ಮುಗಿಯದ ಕೆಲಸ. ಆದರೆ ಕ್ರಮ ತಪ್ಪಿದರೆ ನಿಮ್ಮ ಭಯ ನಿಜವಾಗುತ್ತದೆ. ಮೊದಲು ಮರಿಗಳ ಗೂಡು, ಆಮೇಲೆ ಆರೋಗ್ಯವಾಗಿರುವ ದೊಡ್ಡ ನಾಯಿಗಳದು, ನಂತರ ಹೊಸದಾಗಿ ಬಂದವುಗಳದು, ಕಾಯಿಲೆ ಬಿದ್ದವುಗಳದು ಕೊನೆಗೆ. ಕಾಯಿಲೆ ಕೋಣೆಯ ಪೊರಕೆ, ಬಕೆಟ್, ಚಪ್ಪಲಿ ಅಲ್ಲೇ ಇರಲಿ.

ನಾಯಿಮರಿಗಳಿಗೆ ವಾಂತಿ, ರಕ್ತ ಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಫಿನಾಯಿಲ್ ಬೆಕ್ಕುಗಳಿಗಂತೂ ವಿಷ. ದ್ರವ ಬ್ಲೀಚ್ (ಶೇಕಡಾ 5–6ರ ಸೋಡಿಯಂ ಹೈಪೋಕ್ಲೋರೈಟ್) ಲೀಟರ್ ನೀರಿಗೆ 30 ಮಿಲಿ ಸಾಕು. ಪ್ರಾಣಿಯನ್ನು ಹೊರಗೆ ಕಟ್ಟಿ, ಮಲ ತೆಗೆದು, ಸೋಪಿನ ನೀರಲ್ಲಿ ಉಜ್ಜಿ, ತೊಳೆದ ಮೇಲೆಯೇ ಬ್ಲೀಚ್ ಹಾಕಿ. ಎಲ್ಲರೂ ತಪ್ಪುವುದು ಇಲ್ಲೇ: ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ಉಸಿರು ಕಟ್ಟಿಸುವ ಅನಿಲವೂ ಏಳುತ್ತದೆ. 10 ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ನಂತರ ಚೆನ್ನಾಗಿ ತೊಳೆದು, ಒಣಗಿಸಿ ಒಳಗೆ ಬಿಡಿ.

ವಾಂತಿ, ರಕ್ತ ಭೇದಿ, ಮಂಕು, ಇವು ಕಂಡ ಮರಿಯನ್ನು ಅವತ್ತೇ ಪಶುವೈದ್ಯರ ಬಳಿ ಒಯ್ಯಬೇಕು. ನಾಳೆ ನೋಡೋಣ ಅಂದರೆ ಮರಿ ಉಳಿಯದೇ ಹೋಗಬಹುದು.

ಪ್ರಶ್ನೆ ಕೇಳಿದವರು:
ಬೆರೆಸಿಟ್ಟ ಬ್ಲೀಚ್ ನೀರು ಮುಂದಿನ ವಾರಕ್ಕೆ ಆಗುತ್ತದಾ?

ಉತ್ತರ 1:
ಇಲ್ಲ. ಅವತ್ತಿನದು ಅವತ್ತಿಗೇ. ಬಿಸಿಲು ಬಿದ್ದರೆ ಇನ್ನೂ ಬೇಗ ಕೆಡುತ್ತದೆ.

ಉತ್ತರ 2:
ಭೇದಿಗೆ ಸೋಂಕು, ಹುಳು ಅಷ್ಟೇ ಕಾರಣವಲ್ಲ. ದಾನಿಗಳು ಇವತ್ತೊಂದು, ನಾಳೆ ಇನ್ನೊಂದು ಬಗೆಯ ಆಹಾರ ತಂದು ಸುರಿಯುವುದೂ ಕಾರಣ. ಆಶ್ರಯದವರು ಯಾವುದು ಹಾಕುತ್ತಾರೋ ಅದನ್ನೇ ಕೇಳಿ ತನ್ನಿ. ಬದಲಿಸಲೇಬೇಕಾದರೆ ಹಳೆಯದಕ್ಕೆ ಹೊಸದನ್ನು ಕಾಲುಭಾಗ, ಅರ್ಧ, ಮುಕ್ಕಾಲು ಎಂದು ಏರಿಸುತ್ತಾ ಒಂದು ವಾರ ತೆಗೆದುಕೊಳ್ಳಿ.

ಟವೆಲ್, ಬೆಡ್‌ಶೀಟ್ ಎಷ್ಟಿದ್ದರೂ ಬೇಕು. ದಿಂಬು, ಫೋಮ್ ಹಾಸಿಗೆ ಮಾತ್ರ ಬೇಡ: ನಾಯಿ ಹರಿದು ನುಂಗಿದರೆ ಕರುಳು ಕಟ್ಟುತ್ತದೆ, ಅದನ್ನು ಸೋಂಕುಮುಕ್ತ ಮಾಡಲೂ ಆಗುವುದಿಲ್ಲ. ಮನೆಯಲ್ಲಿ ಮಿಕ್ಕ ಮಾತ್ರೆಗಳನ್ನು ಕೊಡಲೇಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಯ ಮೈಮೇಲಿನ ಉಣ್ಣಿ ಹುಳ ಸಾಯಲೆಂದು ಹಚ್ಚುವ ಪರ್ಮೆಥ್ರಿನ್ ಔಷಧಿ ಕೂಡ ಬೆಕ್ಕಿಗೆ ಆಗದು.

ಉತ್ತರ 3:
ಆರು ಜನರಲ್ಲಿ ಒಬ್ಬರಾದರೂ ಮರಿಗಳನ್ನು ಕೆಲವು ವಾರ ಮನೆಯಲ್ಲಿಟ್ಟುಕೊಂಡು ಸಾಕಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ತಾಯಿಯಿಲ್ಲದ ಬೆಕ್ಕಿನ ಮರಿಗೆ ಮೊದಲ ವಾರಗಳಲ್ಲಿ 2–3 ಗಂಟೆಗೊಮ್ಮೆ ಹಾಲು, ಅದೂ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ. ಹಸುವಿನ ಹಾಲಿಗೆ ಹೊಟ್ಟೆ ಕೆಡುತ್ತದೆ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆ ಕೆಳಗಾಗಿಯೇ ಹಿಡಿಯಿರಿ. ದಿನವೂ ಒಂದೇ ಹೊತ್ತಿಗೆ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸುಮಾರು 10 ಗ್ರಾಂ ಏರಬೇಕು. ತೂಕ ಇಳಿದರೆ ವೈದ್ಯರನ್ನು ಕಾಣಿ.

ಉತ್ತರ 4:
ಹಣ ಕೊಡುವುದಾದರೆ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಕೊಡಿ, ಲಸಿಕೆಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಎಂದು ಹೇಳಿಯೇ ಕೊಡಿ. ಬೆಕ್ಕು ನಾಲ್ಕೇ ತಿಂಗಳಿಗೆ ಗರ್ಭ ಕಟ್ಟಬಹುದು, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ತಡ ಮಾಡಿದಷ್ಟೂ ಗೂಡು ತುಂಬುತ್ತದೆ. ಇನ್ನೊಂದು, ದತ್ತು ಕೊಡಲು ಫೋಟೋ ತೆಗೆಯುವಾಗ ನೆಲಕ್ಕೆ ಕೂತು, ಪ್ರಾಣಿಯ ಕಣ್ಣಿನ ಮಟ್ಟದಿಂದ, ಹಗಲು ಬೆಳಕಿನಲ್ಲಿ ತೆಗೆಯಿರಿ. ಕಪ್ಪು ನಾಯಿಗಳನ್ನು ಫ್ಲ್ಯಾಶ್ ಇಲ್ಲದೆ ನೆರಳಲ್ಲಿ ನಿಲ್ಲಿಸಿದರೆ ಮುಖ ಸ್ಪಷ್ಟವಾಗಿ ಕಾಣುತ್ತದೆ.