ಸಾಲಿಸಿಟರ್ ಹುಡುಕುತ್ತಿರುವವರಿಗೆ: ಸ್ಲೌ ಫ್ಲಾಟ್ ಮಾರಿ ಲೋವರ್ ಅರ್ಲಿಯಲ್ಲಿ ಮನೆ ಕೊಂಡ ಕಥೆ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ನಮ್ಮ ಯುಕೆ ಕನ್ನಡಿಗರ ಗುಂಪಿನಲ್ಲಿ ಮೂರು ಜನ ಇದೇ ಪ್ರಶ್ನೆ ಕೇಳಿದ್ದೀರಿ: ಇಂಗ್ಲೆಂಡಿನ ರೀಡಿಂಗ್ ಕಡೆ ಒಳ್ಳೇ ಸಾಲಿಸಿಟರ್ (ಮನೆ ಕೊಳ್ಳುವಾಗ, ಮಾರುವಾಗ ಕಾಗದಪತ್ರ ನೋಡುವ ವಕೀಲರು) ಇದ್ದರೆ ಹೇಳಿ ಅಂತ. ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ನನಗೆ ಸರಿಹೋದವರು ನಿಮಗೂ ಸರಿಹೋಗಬೇಕು ಅಂತೇನಿಲ್ಲ. ಅದಕ್ಕೇ ನಾವು ಹೇಗೆ ಎಡವಿದೆವು, ಆಮೇಲೆ ಹೇಗೆ ಆರಿಸಿಕೊಂಡೆವು ಅಂತ ಬರೆಯುತ್ತಿದ್ದೇನೆ. ಉದ್ದ ಆಯಿತು, ಕಾಫಿ ಇಟ್ಟುಕೊಂಡು ಓದಿ.

ನಾವು 2018ರಲ್ಲಿ ಲಂಡನ್ ಹತ್ತಿರದ ಸ್ಲೌನಲ್ಲಿ ಒಂದು ಫ್ಲಾಟ್ ಕೊಂಡಿದ್ದೆವು. ಕಳೆದ ಚಳಿಗಾಲದಲ್ಲಿ ಅದನ್ನು ಮಾರಿ ರೀಡಿಂಗ್ ಪಕ್ಕದ ಲೋವರ್ ಅರ್ಲಿಯಲ್ಲಿ ಮನೆ ಕೊಂಡೆವು. ಮೊದಲನೇ ಸಲ, ಫ್ಲಾಟ್ ಕೊಳ್ಳುವಾಗ, ಎಸ್ಟೇಟ್ ಏಜೆಂಟ್ ಹೇಳಿದ ಕಡೆಗೇ ಹೋದೆವು. "ಇವರು ನಮ್ಮವರೇ, ಬೇಗ ಮಾಡಿಕೊಡುತ್ತಾರೆ" ಅಂದಿದ್ದ. ನಮ್ಮವರು ಅಂದರೆ ಏನು ಅಂತ ಆಮೇಲೆ ಗೊತ್ತಾಯಿತು. ಒಬ್ಬೊಬ್ಬ ಗಿರಾಕಿಯನ್ನು ಕಳಿಸಿದ್ದಕ್ಕೂ ಏಜೆಂಟ್‌ಗೆ ರೆಫರಲ್ ಫೀ ಸಿಗುತ್ತದೆ. ಅದೇನೂ ಕಳ್ಳ ವ್ಯವಹಾರವಲ್ಲ. ನಿಮಗೆ ತಿಳಿಸಿರಬೇಕು, ಅಷ್ಟೆ. ನಮಗೂ ತಿಳಿಸಿದ್ದರು, ಚಿಕ್ಕ ಅಕ್ಷರದಲ್ಲಿ. ಓದದೇ ಇದ್ದದ್ದು ನಾವು.

ಐದು ತಿಂಗಳಲ್ಲಿ ನಮ್ಮ ಫೈಲ್ ಮೂರು ಜನರ ಕೈಗೆ ಹೋಯಿತು. ಹೊಸಬರು ಬಂದಾಗಲೆಲ್ಲ ಪಾಸ್‌ಪೋರ್ಟ್ ಕಾಪಿ ಮತ್ತೆ ಕಳಿಸಬೇಕು. ಫೋನ್ ಮಾಡಿದರೆ "ಪೋರ್ಟಲ್‌ನಲ್ಲಿ ಮೆಸೇಜ್ ಹಾಕಿ" ಅನ್ನುವರು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಏಳು ವರ್ಷ ಆದಮೇಲೆ, ಮಾರಲು ಹೊರಟಾಗ ಎದ್ದು ಬಂತು. ನಮ್ಮ ಲೀಸ್‌ನಲ್ಲಿ (ಇಷ್ಟು ವರ್ಷಕ್ಕೆ ಅಂತ ಫ್ಲಾಟ್ ಕೊಡುವ ಕರಾರು) ಗ್ರೌಂಡ್ ರೆಂಟ್, ಅಂದರೆ ನೆಲದ ಒಡೆಯರಿಗೆ ಕಟ್ಟುವ ಬಾಡಿಗೆ, ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಒಂದು ಸಾಲಿತ್ತು. ಸಾಲಿಸಿಟರ್ ಕಳಿಸಿದ ವರದಿಯಲ್ಲೂ ಆ ಸಾಲು ಇತ್ತು, ಹದಿನಾಲ್ಕನೇ ಪುಟದಲ್ಲಿ, ಹಾಗೇ ಕಾಪಿ ಹೊಡೆದು. ಇದರಿಂದ ಏನಾಗುತ್ತದೆ ಅಂತ ಒಂದು ಮಾತು ಬರೆದಿರಲಿಲ್ಲ. ನಮ್ಮಿಂದ ಕೊಳ್ಳುವವರ ಬ್ಯಾಂಕ್ ಅದನ್ನು ನೋಡಿದ ತಕ್ಷಣ ಸಾಲ ಕೊಡಲ್ಲ ಅಂದಿತು. ಫ್ರೀಹೋಲ್ಡರ್ (ನೆಲದ ಒಡೆಯರು) ಹತ್ತಿರ ಗೋಗರೆದು, ಅವರ ವಕೀಲರ ಫೀಸನ್ನೂ ನಾವೇ ಕಟ್ಟಿ, ಲೀಸ್ ತಿದ್ದಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. 2022ರ ಜೂನ್ 30ರಿಂದ ಈಚೆಗೆ ಮಾಡಿದ ಹೆಚ್ಚಿನ ಹೊಸ ಲೀಸ್‌ಗಳಲ್ಲಿ ಗ್ರೌಂಡ್ ರೆಂಟ್ ಇಲ್ಲವೇ ಇಲ್ಲ. ಆದರೆ ಹಳೇ ಲೀಸ್‌ಗಳು ಹಾಗೇ ಇವೆ. ಫ್ಲಾಟ್ ಕೊಳ್ಳುವವರು ಲೀಸ್ ಎಷ್ಟು ವರ್ಷ ಉಳಿದಿದೆ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ.

ಎರಡನೇ ಸಲ ಬುದ್ಧಿ ಬಂದಿತ್ತು. ನಾಲ್ಕು ಕಡೆ ಫೋನ್ ಮಾಡಿದೆ. ನಾಲ್ವರಿಗೂ ಒಂದೇ ಪ್ರಶ್ನೆ: ನನ್ನ ಫೈಲ್ ಯಾರ ಮೇಜಿನ ಮೇಲಿರುತ್ತದೆ, ಅವರು ರಜೆ ಹೋದರೆ ಯಾರು ನೋಡುತ್ತಾರೆ? ಇಬ್ಬರು "ನಮ್ಮ ಟೀಮ್ ನೋಡುತ್ತದೆ" ಅಂದರು. ಟೀಮ್ ಅಂದರೆ ಯಾರೂ ಅಲ್ಲ. ಮೂರನೆಯವರು ನಾನು ಕೇಳುವ ಮೊದಲೇ ಕೊಟೇಶನ್ ಕಳಿಸಿಬಿಟ್ಟರು, 695 ಪೌಂಡ್. ಕೆಳಗೆ ಓದುತ್ತಾ ಹೋದರೆ ಲೀಸ್‌ಹೋಲ್ಡ್‌ಗೆ ಬೇರೆ, ತಂದೆ ಕೊಟ್ಟ ದುಡ್ಡು ಪರಿಶೀಲಿಸಲು ಬೇರೆ, ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಬೇರೆ, ಸ್ಟ್ಯಾಂಪ್ ಡ್ಯೂಟಿ ಫಾರ್ಮ್ ತುಂಬಲು ಬೇರೆ, ಎಲ್ಲದರ ಮೇಲೂ ವ್ಯಾಟ್. ದರ್ಶಿನಿಯಲ್ಲಿ ಇಡ್ಲಿಗೆ ಒಂದು ರೇಟು, ಚಟ್ನಿಗೆ ಒಂದು ರೇಟು ಹಾಕಿದ ಹಾಗೆ.

ನಾಲ್ಕನೆಯವರು ಊರೊಳಗಿನ ಒಂದು ಸಣ್ಣ ಆಫೀಸು. ಆಕೆ ದರ ಹೇಳುವ ಮುಂಚೆ ನನ್ನನ್ನೇ ಪ್ರಶ್ನೆ ಕೇಳಿದರು. ಇಂಡಿಯಾದಲ್ಲಿ ಮನೆ ಇದೆಯಾ? ಹೆಂಡತಿಯ ಹೆಸರಿನಲ್ಲಿ? ಊರಿಂದ ದುಡ್ಡು ಬರುತ್ತದಾ, ಬಂದರೆ ಯಾರ ಖಾತೆಯಿಂದ? ಮಕ್ಕಳು ಶಾಲೆಗೆ ಸೇರಬೇಕಾ, ಯಾವ ವರ್ಷ? ಹತ್ತು ನಿಮಿಷ ಇದೇ ಆಯಿತು. ಫೀಸು ಉಳಿದವರಿಗಿಂತ ಸುಮಾರು 400 ಪೌಂಡ್ ಜಾಸ್ತಿ ಇತ್ತು. ಅವರಿಗೇ ಕೊಟ್ಟೆ. ನನ್ನ ಮಟ್ಟಿಗೆ ಆರಿಸುವ ಅಳತೆ ಇಷ್ಟೇ: ಶುರುವಿನಲ್ಲೇ ನಿಮಗೆ ಮುಜುಗರ ಆಗುವಷ್ಟು ಕೇಳುವವರು ಬೇಕು. "ನೋ ಪ್ರಾಬ್ಲಮ್" ಅನ್ನುವವರು ಬೇಡ.

ಕಾಗದದ ಅರ್ಹತೆಯನ್ನು ಬೇಗ ನೋಡಿ ಮುಗಿಸಬಹುದು. ಸಾಲಿಸಿಟರ್ ಆದರೆ ಅವರ ನಿಯಂತ್ರಣ ಸಂಸ್ಥೆ ಎಸ್‌ಆರ್‌ಎ ಪಟ್ಟಿಯಲ್ಲಿರಬೇಕು, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವ್ಯವಹಾರಕ್ಕೆ ಪರವಾನಗಿ ಪಡೆದವರು) ಆದರೆ ಅವರ ಸಂಸ್ಥೆ ಸಿಎಲ್‌ಸಿ ಪಟ್ಟಿಯಲ್ಲಿ. ಮನೆ ವ್ಯವಹಾರಕ್ಕೆ ಇಬ್ಬರೂ ಆಗುತ್ತಾರೆ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿ ಮನೆ ವ್ಯವಹಾರದ ಗುಣಮಟ್ಟಕ್ಕೆ ಕೊಡುವ ಸಿಕ್ಯೂಎಸ್ ಮುದ್ರೆ ಇದ್ದರೆ ಒಳ್ಳೆಯದು. ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕ್ ಒಪ್ಪಿದ ವಕೀಲರ ಪಟ್ಟಿ) ಇದ್ದಾರಾ ಅಂತ ಮಾತ್ರ ಮೊದಲೇ ಕೇಳಿ. ಇಲ್ಲದಿದ್ದರೆ ಬ್ಯಾಂಕ್ ತನ್ನ ವಕೀಲರನ್ನು ಬೇರೆ ಇಡುತ್ತದೆ, ಆ ಖರ್ಚೂ ನಿಮ್ಮ ತಲೆಗೇ.

ಈಗ ನಮ್ಮವರಿಗೇ ಬರುವ ತಾಪತ್ರಯಕ್ಕೆ ಬರುತ್ತೇನೆ.

ಅಪ್ಪ ಮೈಸೂರಿನ ಸೈಟು ಮಾರಿ ಸ್ವಲ್ಪ ದುಡ್ಡು ಕೊಟ್ಟಿದ್ದರು. ಇಲ್ಲಿ ಅದು ಎಲ್ಲಿಂದ ಬಂತು ಅಂತ ಬೇರಿನ ತನಕ ತೋರಿಸಬೇಕು. ಕ್ರಯಪತ್ರ ಕೇಳಿದರು, ಕಳಿಸಿದೆವು. ಅದು ಪೂರ್ತಿ ಕನ್ನಡದಲ್ಲಿ! ನಾನೇ ಅನುವಾದ ಮಾಡಿಕೊಡುತ್ತೇನೆ ಅಂದರೆ ಆಗಲ್ಲ, ಅಧಿಕೃತ ಅನುವಾದಕರೇ ಬೇಕು. ಅದು ಬಂದ ಮೇಲೆ ಆಫೀಸಿನ ಹುಡುಗಿ ಫೋನ್ ಮಾಡಿ, ತುಂಬಾ ನಯವಾಗಿ ಕೇಳಿದಳು: "ನಿಮ್ಮ ತಂದೆಯವರಿಗೆ ಓದು ಬರಹ ಬರುತ್ತದಾ? ಹೆಬ್ಬೆಟ್ಟಿನ ಗುರುತು ಇದೆ." ಅಪ್ಪ ಮೂವತ್ತಾರು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜಡ್ಜ್ ಬಂದರೂ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಅಂತ ವಿವರಿಸಿದೆ. ಇದನ್ನು ಅಪ್ಪನಿಗೆ ಹೇಳಿದಾಗ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇನ್ನೊಂದು, ಹೆಸರು. ನಮ್ಮಲ್ಲಿ ಇನಿಷಿಯಲ್ ಪದ್ಧತಿ ಅಲ್ವಾ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ನನ್ನದರಲ್ಲಿ ಅಪ್ಪನ ಹೆಸರು, ಮಗಳದ್ದರಲ್ಲಿ ನನ್ನ ಹೆಸರು. ಮೂರು ತಲೆಮಾರು, ಮೂರು ಸರ್‌ನೇಮ್. ಇವರು ನಿಮ್ಮ ತಂದೆ ಅನ್ನುವುದಕ್ಕೆ ಪುರಾವೆ ಏನು ಅಂದರು. ನನ್ನ ಇಂಡಿಯನ್ ಪಾಸ್‌ಪೋರ್ಟ್‌ನ ಕೊನೇ ಪುಟದಲ್ಲಿ ತಂದೆ ತಾಯಿ ಹೆಸರು ಇತ್ತಲ್ಲ, ಅದೇ ಕಾಪಾಡಿತು. ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡವರು ಹಳೆಯದರ ಕೊನೇ ಪುಟವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ದುಡ್ಡನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಲೂ ಬೇಡಿ. ಭಾರತದಲ್ಲಿ ಇರುವ ತಂದೆ ತಾಯಿ ಒಬ್ಬೊಬ್ಬರೂ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. ಆದರೆ ಉಡುಗೊರೆ ಅಂತ ಕಳಿಸುವುದು ಹತ್ತು ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕಿನವರು ಶೇ 20 ಟಿಸಿಎಸ್ (ಮೊದಲೇ ಹಿಡಿಯುವ ತೆರಿಗೆ) ಹಿಡಿದುಕೊಳ್ಳುತ್ತಾರೆ. ರಿಟರ್ನ್ ತುಂಬುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಷ್ಟು ದಿನ ಅದು ಕೈಯಲ್ಲಿ ಇರುವುದಿಲ್ಲ.

ಸ್ಟ್ಯಾಂಪ್ ಡ್ಯೂಟಿ ವಿಷಯ ನಿಧಾನವಾಗಿ ಓದಿ. ಇದರಲ್ಲಿ ಸಾವಿರಾರು ಪೌಂಡ್ ಹೋಗುತ್ತದೆ. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ 4,50,000 ಪೌಂಡ್ ಮನೆ ಲೆಕ್ಕ ಹಾಕಿ. ಜೀವನದಲ್ಲಿ ಮೊದಲನೇ ಮನೆ ಆದರೆ 7,500 ಪೌಂಡ್. ಆ ರಿಯಾಯಿತಿ ಇಲ್ಲದಿದ್ದರೆ 12,500. ನಿಮಗೆ ಇನ್ನೊಂದು ಮನೆ ಇದ್ದರೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ 5 ಸೇರಿ 35,000. ಈ "ಇನ್ನೊಂದು ಮನೆ" ಲಂಡನ್‌ನಲ್ಲೇ ಇರಬೇಕಿಲ್ಲ. ಬಾಡಿಗೆಗೆ ಕೊಟ್ಟಿರುವ ನಿಮ್ಮ ಜೆ.ಪಿ. ನಗರದ ಫ್ಲಾಟೂ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಸಾಕು. ಗಂಡನ ಹೆಸರಿನಲ್ಲಿ ಕೊಂಡು ಹೆಂಡತಿಯ ಹೆಸರಿನಲ್ಲಿ ಊರಿನ ಮನೆ ಇದ್ದರೂ ಅಷ್ಟೆ, ದಂಪತಿಯನ್ನು ಒಂದೇ ಘಟಕ ಅಂತ ನೋಡುತ್ತಾರೆ. ಖಾಲಿ ಸೈಟು ಮನೆಯಲ್ಲ. ಅದರ ಮೇಲೆ ಮನೆಯ ಗೋಡೆ ಎದ್ದಿತೋ, ಲೆಕ್ಕಕ್ಕೆ ಬಂತು. ಅಜ್ಜಿಯ ಮನೆಯಲ್ಲಿ ಪಾಲು ಬಂದಿದ್ದರೂ ಮೊದಲನೇ ಮನೆಯ ರಿಯಾಯಿತಿ ಹೋಗಬಹುದು.

ಇಲ್ಲಿ ನೀವು ವಾಸವಿದ್ದ ಮನೆ ಮಾರಿ ಇನ್ನೊಂದು ವಾಸದ ಮನೆ ಕೊಂಡರೆ ಆ ಶೇ 5 ಬೀಳುವುದಿಲ್ಲ, ನಾವು ಬಚಾವಾದದ್ದು ಹಾಗೆ. ಪರಿಚಯದ ಒಬ್ಬರು ಊರಿನ ಫ್ಲಾಟ್ ವಿಷಯ ಹೇಳಲೇ ಇಲ್ಲ, ಸಾಲಿಸಿಟರ್ ಕೇಳಲೂ ಇಲ್ಲ. ಎರಡು ವರ್ಷ ಆದಮೇಲೆ ತೆರಿಗೆ ಇಲಾಖೆಯಿಂದ ಕಾಗದ ಬಂತು. ಫಾರ್ಮ್ ತುಂಬಿದ್ದು ಯಾರೇ ಆಗಿರಲಿ, ಜವಾಬ್ದಾರಿ ಕೊಂಡವರದ್ದು.

ಹತ್ತಿರದವರೇ ಬೇಕಾ, ಆನ್‌ಲೈನ್ ಆದರೆ ಸಾಲದಾ ಅಂತ ಒಬ್ಬರು ಕೇಳಿದ್ದರು. ಸೀದಾ ಸಾದಾ ಫ್ರೀಹೋಲ್ಡ್ (ನೆಲವೂ ನಿಮ್ಮದೇ ಆಗುವ) ಮನೆಗೆ, ಊರಿನ ದುಡ್ಡಿನ ಗೋಜಿಲ್ಲದಿದ್ದರೆ, ಎಲ್ಲಿಯವರಾದರೂ ನಡೆಯುತ್ತದೆ. ಆದರೆ ಈ ಕಡೆಯ ಕೆಲವು ವಿಷಯ ಈ ಕಡೆಯವರಿಗೇ ಗೊತ್ತು. ಲೋವರ್ ಅರ್ಲಿಯ ಅಂಚೆ ವಿಳಾಸ ರೀಡಿಂಗ್, ಕೌನ್ಸಿಲ್ (ಸ್ಥಳೀಯ ಆಡಳಿತ) ಮಾತ್ರ ವೋಕಿಂಗ್‌ಹ್ಯಾಮ್. ಪಕ್ಕದ ವುಡ್ಲಿಯೂ ಹಾಗೇ. ಕೌನ್ಸಿಲ್ ಟ್ಯಾಕ್ಸ್, ಶಾಲೆ ಅರ್ಜಿ ಎಲ್ಲ ಅಲ್ಲಿಗೇ. ಲಾಡನ್ ನದಿ ಪಕ್ಕದ ಬೀದಿಗಳಲ್ಲಿ ನೆರೆ ನೀರಿನ ಪ್ರಶ್ನೆ. ರೀಡಿಂಗ್ ಒಳಗೆ ಹಳೇ ಸೀಮೆಸುಣ್ಣದ ಗಣಿಗಳ ಪ್ರಶ್ನೆ. ಒಂದು ಕಾಲದಲ್ಲಿ ನೆಲದಡಿ ಸುಣ್ಣಕಲ್ಲು ತೋಡಿ ಹಾಗೇ ಬಿಟ್ಟಿದ್ದಾರೆ, 2000ದಲ್ಲಿ ಫೀಲ್ಡ್ ರೋಡ್‌ನಲ್ಲಿ ನೆಲವೇ ಕುಸಿದು ಜನ ಮನೆ ಬಿಡಬೇಕಾಯಿತು. ಯಾವ ಸರ್ಚ್ (ಆ ಜಾಗದ ದಾಖಲೆ ತಪಾಸಣೆ) ಹೆಚ್ಚಿಗೆ ಮಾಡಿಸಬೇಕು ಅಂತ ನಮ್ಮ ಸಾಲಿಸಿಟರ್ ಬೀದಿಯ ಹೆಸರು ಕೇಳಿದ ಕೂಡಲೇ ಹೇಳಿದರು. ಆನ್‌ಲೈನ್ ಕಂಪನಿಗಳು ಪಟ್ಟಿ ನೋಡಿ ಮಾಡಿಸುತ್ತವೆ.

ಮಕ್ಕಳಿರುವವರಿಗೆ ದಿನಾಂಕದ ಲೆಕ್ಕ ಮುಖ್ಯ. ರಿಸೆಪ್ಷನ್‌ಗೆ (ಶಾಲೆಯ ಮೊದಲ ತರಗತಿ) ಅರ್ಜಿಯ ಕೊನೇ ದಿನ ಜನವರಿ 15, ಸೆಕೆಂಡರಿಗೆ (ಹೈಸ್ಕೂಲ್) ಅಕ್ಟೋಬರ್ 31. ಆಫರ್ ಒಪ್ಪಿದ್ದಾರೆ ಅನ್ನುವ ಏಜೆಂಟ್ ಕಾಗದವನ್ನು ವಿಳಾಸಕ್ಕೆ ಪುರಾವೆ ಅಂತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಹಳಷ್ಟು ಕಡೆ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗಿರಬೇಕು, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರು ಬದಲಾಯಿಸಿಕೊಂಡು ವ್ಯವಹಾರ ಗಟ್ಟಿಯಾಗಿರಬೇಕು. ಊರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರೆ ಒಂದು ಧೈರ್ಯ. ಇಲ್ಲಿ ಎಕ್ಸ್‌ಚೇಂಜ್ ಆಗುವ ತನಕ ಯಾರು ಬೇಕಾದರೂ ಕೈ ಕೊಡಬಹುದು, ನೀವು ಸರ್ವೆಗೆ, ಸರ್ಚ್‌ಗೆ ಕೊಟ್ಟ ದುಡ್ಡು ಹೋದಂತೆಯೇ. ಫ್ಲಾಟಿನ ಲೀಸ್ ತಿದ್ದುಪಡಿ ಎಳೆದಾಡುತ್ತಿತ್ತು, ಕ್ರಿಸ್‌ಮಸ್‌ಗೆ ಎಲ್ಲ ಆಫೀಸೂ ಬಾಗಿಲು ಹಾಕುತ್ತವೆ, ಮಗಳ ಅರ್ಜಿ ತಲೆ ಮೇಲಿತ್ತು. ನಮ್ಮ ಸಾಲಿಸಿಟರ್ ಮಾರುವ ಕಡೆಯ ವಕೀಲರಿಗೆ ದಿನಾ ಫೋನ್ ಮಾಡಿ, ಜನವರಿ 9ಕ್ಕೆ ಎಕ್ಸ್‌ಚೇಂಜ್ ಮಾಡಿಸಿದರು. ಆ 400 ಪೌಂಡ್ ಅವತ್ತೇ ವಸೂಲಾಯಿತು.

ಎಕ್ಸ್‌ಚೇಂಜ್‌ಗೆ ಬೆಲೆಯ ಶೇ 10 ಮುಂಗಡ ಕಳಿಸುವಾಗ ಒಂದು ಎಚ್ಚರ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಈಮೇಲ್ ಬಂದರೆ ಅದು ಕಳ್ಳರದ್ದು ಅಂತಲೇ ತಿಳಿಯಿರಿ. ಮೊದಲ ದಿನ ಆಫೀಸಿನಲ್ಲಿ ಕೊಟ್ಟ ನಂಬರಿಗೇ ಫೋನ್ ಮಾಡಿ ಖಾತೆ ಓದಿಸಿಕೊಳ್ಳಿ. ಒಂದು ಪೌಂಡ್ ಕಳಿಸಿ, ಬಂತು ಅಂದ ಮೇಲೆ ಉಳಿದದ್ದು.

ಗ್ಲಾಸ್ಗೋದಲ್ಲಿರುವವರು ಅಲ್ಲೂ ಹೀಗೇನಾ ಅಂತ ಕೇಳಿದ್ದಿರಿ. ನಾನು ಬರೆದದ್ದು ಇಂಗ್ಲೆಂಡಿನ ಕಥೆ. ಸ್ಕಾಟ್ಲೆಂಡಿನಲ್ಲಿ ಕ್ರಮವೇ ಬೇರೆ, ಆಫರ್ ಹಾಕುವುದೇ ಸಾಲಿಸಿಟರ್ ಮೂಲಕ. ಹಾಗಾಗಿ ಮನೆ ನೋಡುವ ಮೊದಲೇ ಅವರನ್ನು ಹಿಡಿಯಬೇಕು. ತೆರಿಗೆಯೂ ಬೇರೆ, ಎರಡನೇ ಮನೆಯ ಮೇಲೆ ಅಲ್ಲಿ ಹೆಚ್ಚುವರಿ ಶೇ 8. ಅಲ್ಲಿ ಕೊಂಡವರು ಯಾರಾದರೂ ಬರೆಯಿರಿ.

ಕೊನೆಗೆ ಮುಹೂರ್ತ. ಇಲ್ಲಿ ಬಹಳ ಜನ ಶುಕ್ರವಾರ ಕಂಪ್ಲೀಶನ್ (ಬಾಕಿ ದುಡ್ಡು ಕೊಟ್ಟು ಕೀ ಪಡೆಯುವ ದಿನ) ಇಟ್ಟುಕೊಳ್ಳುತ್ತಾರೆ. ಅಪ್ಪ ಮೈಸೂರಿಂದ ಫೋನ್ ಮಾಡಿ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅಷ್ಟರಲ್ಲೇ ಕೀ ಕೊಟ್ಟುಬಿಟ್ಟರೆ ಏನು ಗತಿ ಅಂತ ಹಠ ಹಿಡಿದರು. ಸಾಲಿಸಿಟರ್‌ಗೆ ಸಂಕೋಚದಿಂದಲೇ ಹೇಳಿದೆ. ಆಕೆ ನಗಲಿಲ್ಲ. ದಿನ ಬದಲಿಸುವುದಾದರೆ ಎಕ್ಸ್‌ಚೇಂಜ್‌ಗೆ ಮುಂಚೆಯೇ ಹೇಳಿ, ಆಮೇಲೆ ಆಗಲ್ಲ, ಗಂಟೆ ಮಾತ್ರ ನನ್ನ ಕೈಯಲ್ಲಿಲ್ಲ, ದುಡ್ಡು ತಲುಪಿದಾಗ ಕೀ ಅಂದರು. ಸರಿ, ಗುರುವಾರಕ್ಕೆ ಇಟ್ಟೆವು. ಕೀ ಸಿಕ್ಕಿದ್ದು ಮಧ್ಯಾಹ್ನ ಒಂದು ಐವತ್ತಕ್ಕೆ. ಗುರುವಾರದ ರಾಹುಕಾಲ ಒಂದೂವರೆಯಿಂದ ಮೂರು. "ಮೈಸೂರಲ್ಲಿ ಆಗ ಸಂಜೆ ಏಳು ದಾಟಿತ್ತು, ಆ ಲೆಕ್ಕ ಹಿಡಿಯೋಣ" ಅಂತ ನನ್ನ ಹೆಂಡತಿ. ಅಪ್ಪನಿಗೆ ಇನ್ನೂ ಹೇಳಿಲ್ಲ.